ಮೂರನೇ ಸಾಲಿನ ಕೊನೆಗೆ

ಮೇ 28

ಅತ್ತೆ,

ತಲುಪಿದೆ. ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು, ಗಿಟಾರಿಗೆ ಸಿಗಲಿಲ್ಲ. ದಾರಿಯುದ್ದಕ್ಕೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ನಾನು ಹೊರಡುವಾಗ ನೀನು ಮಿಷನ್ ಬಿಟ್ಟು ಏಳಲೇ ಇಲ್ಲ. "ಬಾಗಿಲು ಎಳ್ಕೊಂಡು ಹೋಗು" ಅಂದೆ, ಅಷ್ಟೇ. ನನಗೆ ಸಿಟ್ಟು ಬಂದಿತ್ತು. ಬಸ್ಸು ಊರು ದಾಟುವಷ್ಟರಲ್ಲಿ ಇಳಿಯಿತು. ಬಾಯಿ ತುಂಬ ಪಿನ್ನು ಕಚ್ಚಿಕೊಂಡವಳಿಂದ ಅದಕ್ಕಿಂತ ಹೆಚ್ಚು ಮಾತು ಹೊರಡುವುದಾದರೂ ಹೇಗೆ?

ರೆಕಾರ್ಡಿಂಗ್ ಕೋಣೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ಕಪ್ಪು ಬಣ್ಣ ಬಳಿದಿದ್ದಾರೆ. ಬಾಗಿಲು ಹಾಕಿದರೆ ಹೊರಗಿನ ಲೋಕವೇ ಇಲ್ಲ. ನನ್ನ ಹೊಟ್ಟೆ ಗುಡುಗುಟ್ಟಿದ್ದು ಎಲ್ಲರಿಗೂ ಕೇಳಿಸಿ ನಾಚಿಕೆಯಾಯಿತು. ನಡುವೆ ಗಾಜು, ಅದರಾಚೆ ರೆಕಾರ್ಡಿಂಗ್ ಮಾಡುವವರು. ನಿನ್ನ ಕೊರಳಲ್ಲಿ ಅಳತೆ ಟೇಪು ನೇತಾಡುವ ಹಾಗೆ ಅವರ ಕೊರಳಲ್ಲಿ ಸದಾ ಹೆಡ್‌ಫೋನು. ಎಲ್ಲರೂ ಅವರನ್ನು ಹೆಡ್‌ಫೋನಣ್ಣ ಅನ್ನುತ್ತಾರೆ. ಡ್ರಮ್ ಬಾರಿಸುವವರೊಬ್ಬರು, ಕೊಳಲಿನವರೊಬ್ಬರು ಇದ್ದಾರೆ. ಕ್ಯಾಸೆಟ್ ಕಂಪನಿಯ ಯಜಮಾನರು ದಿನಕ್ಕೊಮ್ಮೆ ಬಂದು ಇಣುಕಿ ಹೋಗುತ್ತಾರೆ.

ಅವರಿಗೆ ನನ್ನ ಹಾಡು ಸಿಕ್ಕಿದ್ದು ಹೇಗೆ ಅಂತ ಕೊನೆಗೂ ತಿಳಿಯಿತು. ಹೊಲಿಗೆಯವರ ಸಂಘದ ಸಭೆಯಲ್ಲಿ ನಾನು ಹಾಡಿದ್ದನ್ನು ಯಾರೋ ಟೇಪ್ ಮಾಡಿಕೊಂಡಿದ್ದರಲ್ಲ, ಅಪ್ಪ ಅದನ್ನು ತನ್ನ ಲಾರಿ ಸ್ನೇಹಿತರಿಗೆಲ್ಲ ಹಂಚಿದ್ದಾನೆ. ಯಜಮಾನರ ಕಾರು ಒಂದು ದಿನ ದಾರಿಯಲ್ಲಿ ಕೆಟ್ಟು ನಿಂತಿದೆ, ಹತ್ತಿದ ಲಾರಿಯಲ್ಲಿ ನಾನು ಹಾಡುತ್ತಿದ್ದೆನಂತೆ. ಇಳಿಯುವ ಜಾಗ ಬಂದರೂ ಇಳಿಯಲಿಲ್ಲವಂತೆ. ಇದನ್ನು ಅವರೇ ಹೇಳಿದರು, ನಾನು ಸೇರಿಸಿದ್ದಲ್ಲ.

ಮೊದಲ ದಿನವೇ ಕೇಳಿದರು, ಯಾರ ಹತ್ತಿರ ಕಲಿತಿದ್ದು ಅಂತ. ನಮ್ಮತ್ತೆ ಹತ್ತಿರ ಎಂದೆ.

"ಅವರು ಹಾಡ್ತಾರಾ?"

"ಇಲ್ಲ, ಹೊಲೀತಾರೆ."

ಡ್ರಮ್ಮಿನವರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ನಗಲಿ ಬಿಡು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಕೈಗಾಡಿಯಲ್ಲಿ ಗುಂಡಿ, ಲೇಸು ಮಾರುತ್ತ ಬರುತ್ತಿದ್ದ ಅಜ್ಜಿ "ರಿಬ್ಬನ್ನೋ" ಎಂದು ಬೀದಿಯ ಆ ತುದಿಯವರೆಗೆ ಎಳೆಯುತ್ತಿದ್ದಳಲ್ಲ, ಸಾಲಿನ ಕೊನೆಯನ್ನು ಎಳೆಯುವುದು ನನಗೆ ಅವಳಿಂದ ಬಂತು. ಅಂಗಡಿಯ ರೇಡಿಯೋ ಎರಡು ಸ್ಟೇಷನ್ನುಗಳ ನಡುವೆ ಸಿಕ್ಕಿಕೊಂಡು ಹಾಡಿನ ಬೆನ್ನಿಗೇ ಯಾರೋ ವಾರ್ತೆ ಓದುತ್ತಿದ್ದರು. ನನ್ನ ಹಾಡಿನ ನಡುವೆ ಮಾತು ನುಗ್ಗುವುದು ಅಲ್ಲಿಂದ. ಉಳಿದದ್ದೆಲ್ಲ ನಿನ್ನ ಗುನುಗು. ನೀನು ಪಿನ್ನು ಕಚ್ಚಿಕೊಂಡು ಗುನುಗುತ್ತ ಹೊಲಿಯುತ್ತಿದ್ದೆ, ನಾನು ಮೇಜಿನ ಕೆಳಗೆ ಚೂರುಬಟ್ಟೆಯ ಗುಡ್ಡೆಯ ಮೇಲೆ ಬಿದ್ದುಕೊಂಡಿರುತ್ತಿದ್ದೆ. ಹಾಡಿಗೆ ಮಾತೂ ಇರುತ್ತದೆ ಅಂತ ನನಗೆ ಗೊತ್ತಾದದ್ದೇ ಶಾಲೆಗೆ ಸೇರಿದ ಮೇಲೆ. ಆಮೇಲೆ ನಿನ್ನ ಗುನುಗಿಗೆ ನಾನೇ ಮಾತು ಕಟ್ಟತೊಡಗಿದೆ.

ಈಗ ತೊಂದರೆಗೆ ಬರುತ್ತೇನೆ. ಗಾಳಿಯ ಹಾಡು ಗೊತ್ತಲ್ಲ:

ಗುಂಡಿ ಕಿತ್ತ ಅಂಗಿ ತೊಟ್ಟು
ಗಾಳಿ ಸುತ್ತಿತು ಬೀದಿಯ
ಯಾರ ಮನೆಯ ಬಾಗಿಲಲ್ಲಿ
ನಿಂತು ಬೇಡಲಿ ಸೂಜಿಯ?

ಪ್ರತಿ ಪದ್ಯದಲ್ಲೂ ಮೂರನೇ ಸಾಲಿನ ಕೊನೆಗೆ ನಾನು ನಿಂತುಬಿಡುತ್ತೇನಂತೆ. ಈ ಹಾಡಿನಲ್ಲಷ್ಟೇ ಅಲ್ಲ, ಎಲ್ಲದರಲ್ಲೂ, ಅದೇ ಜಾಗದಲ್ಲಿ. ನನಗೆ ಗೊತ್ತೇ ಇರಲಿಲ್ಲ ಅತ್ತೆ. ನಾನು ನಿಲ್ಲುತ್ತೇನೆ, ಡ್ರಮ್ಮು ಮುಂದೆ ಹೋಗುತ್ತದೆ, ಕೊಳಲು ಯಾರ ಹಿಂದೆ ಹೋಗಲಿ ಎಂದು ತಬ್ಬಿಬ್ಬಾಗುತ್ತದೆ. ಹೆಡ್‌ಫೋನಣ್ಣ ಟೇಪು ಹಿಂದಕ್ಕೆ ಸುತ್ತಿ ಕೇಳಿಸಿದರು. ಹೌದು, ನಿಲ್ಲುತ್ತೇನೆ. ಒಂದೇ ಅಳತೆಗೆ ನಿಂತರೆ ಎಣಿಸಿಕೊಂಡಾದರೂ ಬಾರಿಸಬಹುದಿತ್ತು; ಒಮ್ಮೆ ಚಿಕ್ಕದು, ಒಮ್ಮೆ ಉದ್ದ.

ಯಜಮಾನರು ಒಳ್ಳೆಯವರೇ, ಆದರೆ ಮಾತು ಖಂಡಿತ. ಜೂನ್ ಮುಗಿದರೆ ಈ ಕೋಣೆ ಬೇರೆಯವರಿಗೆ ಹೋಗುತ್ತದೆ. ಅಷ್ಟರೊಳಗೆ ಹಾಡು ತಾಳಕ್ಕೆ ಬಂದರೆ ಕ್ಯಾಸೆಟ್ಟು, ಬರದಿದ್ದರೆ ಬಸ್ಸು. ಬರಿಗೈಯಲ್ಲಿ ಹಿಂತಿರುಗಿದರೆ ನನ್ನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಚಿಕ್ಕವಳಿದ್ದಾಗಲೂ ನಾನು ಹೀಗೆ ನಿಲ್ಲುತ್ತಿದ್ದೆನಾ? ನೆನಪು ಮಾಡಿಕೊಂಡು ಬರೆ. ಇನ್ನೊಂದು. ನನ್ನ ಹಾಡು ಹೇಗಿದೆ ಅಂತ ನೀನು ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಅದನ್ನೂ ಬರೆ.

ನಿನ್ನ
ಪಿಟೀಲು


ಜೂನ್ 5

ಪಿಟೀಲು,

ಪತ್ರ ಬಂದಾಗ ಅಂಗಡಿ ತುಂಬ ಯೂನಿಫಾರ್ಮು. ಈ ಊರಿನ ತಾಯಂದಿರಿಗೆಲ್ಲ ತಮ್ಮ ಮಕ್ಕಳು ಬೆಳೆದಿದ್ದಾರೆ ಅಂತ ಒಂದೇ ದಿನ ನೆನಪಾಗುತ್ತದೆ. ಕೆಲಸಕ್ಕಿರುವ ಇಬ್ಬರು ಹುಡುಗಿಯರು ಗುಂಡಿಗೆ ಕಾಜಾ ಹಾಕಿ ಹಾಕಿ ಕಣ್ಣು ಕೆಂಪು ಮಾಡಿಕೊಂಡಿದ್ದಾರೆ. ನಡುವೆ ಮಿಷನ್ನಿನ ಬೆಲ್ಟು ಬೇರೆ ತುಂಡಾಯಿತು. ಇಷ್ಟರ ಮಧ್ಯೆ ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತಿದ್ದೇನೆ, ಉಪಕಾರ ನೆನೆಸಿಕೋ.

ಮೊದಲನೆಯದಾಗಿ, ಪರಸ್ಥಳದಲ್ಲಿ ನನ್ನ ಮಾನ ಹರಾಜು ಹಾಕುವುದನ್ನು ನಿಲ್ಲಿಸು. ನಾನು ಗುನುಗುತ್ತಿದ್ದೆನಂತೆ, ನೀನು ಕಲಿತೆಯಂತೆ! ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಿದಾಗ ನಮ್ಮ ಟೀಚರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, "ನೀನು ತುಟಿ ಮಾತ್ರ ಆಡಿಸು" ಅಂದಿದ್ದರು. ಅವತ್ತಿನಿಂದ ಇವತ್ತಿನವರೆಗೆ ನಾನು ಬಾಯಿ ಬಿಟ್ಟು ಹಾಡಿದ್ದಿಲ್ಲ. ಹೊಲಿಯುವಾಗ ಮೂಗಿನಲ್ಲಿ ಏನಾದರೂ ಸದ್ದು ಬಂದಿದ್ದರೆ ಅದು ನೆಗಡಿಯೇ ಇರಬೇಕು.

ಎರಡನೆಯದು, ಈ ನಿಲ್ಲುವ ವಿಷಯ. ನೀನು ಮಗುವಾಗಿದ್ದಾಗ ಒಮ್ಮೆ ಅಳಲು ಶುರು ಮಾಡಿದರೆ ನಿಲ್ಲಿಸುತ್ತಲೇ ಇರಲಿಲ್ಲ. ಕುಯ್ಯೋ ಕುಯ್ಯೋ ಅಂತ ಇಡೀ ಬೀದಿಯ ತಲೆ ತಿನ್ನುತ್ತಿದ್ದೆ. ಪಿಟೀಲು ಅಂತ ಹೆಸರು ಬಿದ್ದದ್ದೇ ಅದಕ್ಕೆ. ನಿಲ್ಲಿಸುವುದನ್ನು ಅದೆಲ್ಲಿ ಕಲಿತೆಯೋ ನನಗೆ ಗೊತ್ತಿಲ್ಲ.

ಆದರೆ ನನ್ನ ಮಾತು ಕೇಳು. ಯಜಮಾನರು ಹೇಳಿದ ಹಾಗೆ ಮಾಡು. ಅಂಗಿ ಉದ್ದವಾದರೆ ಅಂಚು ಕತ್ತರಿಸುತ್ತೇವೆ, ಅದಕ್ಕೆ ಅಳುತ್ತ ಕೂರುತ್ತೇವಾ? ನಿನ್ನ ಹಾಡಿನಲ್ಲಿ ಎಲ್ಲೋ ಒಂದು ಚೂರು ಹೆಚ್ಚಾಗಿದೆ, ಕತ್ತರಿಸಿ ಎಸೆ. ನಿನ್ನನ್ನು ಈ ಮಿಷನ್ನಿನ ಮುಂದೆ ಕೂರಿಸಬಾರದು ಅಂತಲೇ ನಾನು ಬೆನ್ನು ಬಗ್ಗಿಸಿದ್ದು. ಕ್ಯಾಸೆಟ್ಟು ಮಾಡಿಕೊಂಡು ಬಾ. ಬರಿಗೈಯಲ್ಲಿ ಬಂದರೆ ಬಾಗಿಲು ತೆಗೆಯುವುದಿಲ್ಲ ಅಂತ ಹೇಳುವುದಿಲ್ಲ, ತೆಗೆಯುತ್ತೇನೆ. ಆದರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತದೆ.

ಹಾಡು ಹೇಗಿದೆ ಅಂತ ಕೇಳಿದ್ದೀಯ. ಗಾಳಿಗೆ ಅಂಗಿ ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು. ಗಂಟಲಿಗೆ ತಣ್ಣೀರು ಹಾಕಬೇಡ.

ನಿನ್ನ ಅತ್ತೆ


ಜೂನ್ 16

ಅತ್ತೆ,

ನೀನು ಹೇಳಿದ ಹಾಗೇ ಮಾಡಿದೆ. ಕತ್ತರಿಸಿದೆ.

ಹೆಡ್‌ಫೋನಣ್ಣ ನನ್ನ ಕಿವಿಗೊಂದು ಹೆಡ್‌ಫೋನು ಹಾಕಿ ಅದರೊಳಗೆ ಟಿಕ್ ಟಿಕ್ ಎಂಬ ಸದ್ದು ಬಿಟ್ಟರು. ಗಡಿಯಾರ ಕಿವಿಯೊಳಗೆ ಹೊಕ್ಕ ಹಾಗಿರುತ್ತದೆ. ಅದಕ್ಕೆ ಸರಿಯಾಗಿ ಹಾಡಬೇಕು, ನಿಲ್ಲಬಾರದು. ಮೊದಮೊದಲು ಮೂರನೇ ಸಾಲು ಮುಗಿದ ಕೂಡಲೇ ಯಾರೋ ಹಿಂದಿನಿಂದ ದೂಡಿದಂತೆ ಮುಗ್ಗರಿಸುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ರೂಢಿಯಾಯಿತು. ಎಂಟರಲ್ಲಿ ನಾಲ್ಕು ಹಾಡು ಮುಗಿದಿವೆ. ಯಜಮಾನರು ಕೇಳಿ ಬೆನ್ನು ತಟ್ಟಿದರು. ಇದನ್ನೇ ಕ್ಯಾಸೆಟ್ಟಿಗೆ ಕಳಿಸೋಣ ಅನ್ನುತ್ತಿದ್ದಾರೆ.

ನನಗೆ ಅಳು ಬಂತು. ಸಂತೋಷಕ್ಕೆ ಅಂತ ಅವರೆಲ್ಲ ತಿಳಿದುಕೊಂಡರು. ಹಾಡು ನೆಟ್ಟಗಿದೆ, ಎಲ್ಲೂ ಸುಕ್ಕಿಲ್ಲ. ಆದರೆ ಅದರಲ್ಲಿ ನಾನಿಲ್ಲ ಅತ್ತೆ. ಯಾರೋ ನನ್ನ ಗಂಟಲು ಎರವಲು ಪಡೆದು ಹಾಡಿದ ಹಾಗಿದೆ. ಇದೇ ಕ್ಯಾಸೆಟ್ಟು ಹೊರಗೆ ಬಂದು ಜನ ಮೆಚ್ಚಿಬಿಟ್ಟರೆ ಏನು ಗತಿ? ಇನ್ನು ಜೀವನವಿಡೀ ಅವಳ ಹಾಗೆ ಹಾಡಬೇಕಾಗುತ್ತದೆ.

ನಿನ್ನೆ ಸಂಜೆ ತಲೆ ಕೆಟ್ಟು ಬೀದಿ ಬೀದಿ ತಿರುಗಿದೆ. ಒಂದು ಮೂಲೆಯಲ್ಲಿ ಮೆಟ್ಟಿಲ ಕೆಳಗೆ ಪುಟ್ಟ ಹೊಲಿಗೆ ಅಂಗಡಿ. ಕನ್ನಡಕದ ಟೈಲರೊಬ್ಬರು ಅಂಗಿಯ ಕಾಲರ್ ಹೊಲಿಯುತ್ತಿದ್ದರು. ಸದ್ದು ಕೇಳಿ ನಿಂತೆ, ಮನೆಗೆ ಬಂದಂತಾಯಿತು. ಉದ್ದನೆಯ ಅಂಚಿಗೆ ಮಿಷನ್ ಓಡಿತು, ಓಡಿತು, ತುದಿಗೆ ಬಂದು ಗಕ್ಕನೆ ನಿಂತಿತು. ಸೂಜಿ ಬಟ್ಟೆಯೊಳಗೇ ಇದೆ. ಅವರು ಮಿಷನ್ನಿನ ಪಾದ ಎತ್ತಿದರು, ಬಟ್ಟೆ ತಿರುಗಿಸಿದರು, ಪಾದ ಇಳಿಸಿದರು, ಮತ್ತೆ ಓಡಿಸಿದರು.

ನಾನು ಅಲ್ಲೇ "ಅಯ್ಯೋ" ಎಂದು ಜೋರಾಗಿ ಕೂಗಿಬಿಟ್ಟೆ. ಪಾಪ, ಅವರು ಬೆರಳಿಗೆ ಸೂಜಿ ಚುಚ್ಚಿಕೊಳ್ಳುವುದೊಂದು ಬಾಕಿ.

ಅದು ಕಾಲರಿನ ಮೂಲೆ ಅತ್ತೆ! ಉದ್ದ ಅಂಚು ಮುಗಿಯುವಷ್ಟರಲ್ಲಿ ನಿನ್ನ ಗುನುಗು ಮೂರು ಸಾಲು ಬರುತ್ತಿತ್ತು. ಮೂಲೆ ಬಂದಾಗ ಕಾಲೂ ನಿಲ್ಲುತ್ತಿತ್ತು, ಗುನುಗೂ ನಿಲ್ಲುತ್ತಿತ್ತು. ತಿರುಗಿಸಿದ ಮೇಲೆ ಚಿಕ್ಕ ಅಂಚಿಗೆ ನಾಲ್ಕನೇ ಸಾಲು. ನಾನು ಮೇಜಿನ ಕೆಳಗೆ ಬಿದ್ದುಕೊಂಡು ಹಾಡೆಂದರೆ ಹೀಗೇ ಇರುತ್ತದೆ ಅಂದುಕೊಂಡೆ. ನೆಗಡಿಯಂತೆ, ನೆಗಡಿ!

ಒಂದು ಮಾತ್ರ ಬಗೆಹರಿಯಲಿಲ್ಲ. ಆ ಟೈಲರು ಎಷ್ಟೋ ಕಾಲರ್ ಹೊಲಿಯುವವರೆಗೆ ನಿಂತು ನೋಡಿದೆ. ಅವರ ಮೂಲೆಯೆಲ್ಲ ಒಂದೇ ಅಳತೆ. ನಾನು ಯಾಕೆ ಒಮ್ಮೆ ಚಿಕ್ಕದು, ಒಮ್ಮೆ ಉದ್ದ ನಿಲ್ಲುತ್ತೇನೆ?

ಹೆಡ್‌ಫೋನಣ್ಣನಿಗೆ ಎಲ್ಲವನ್ನೂ ಹೇಳಿದೆ. ನಗಲಿಲ್ಲ. ಅತ್ತೆಯನ್ನು ಒಂದು ದಿನ ಕರೆಸು, ಮಿಷನ್ ನಾನು ಇಲ್ಲೇ ಒದಗಿಸುತ್ತೇನೆ, ಅವರು ಹೊಲಿಯಲಿ, ನೀನು ಹಾಡು, ಆ ನಿಲ್ಲುವ ಜಾಗ ಡ್ರಮ್ಮಿನವರಿಗೆ ಕಣ್ಣಾರೆ ಸಿಗಲಿ ಅಂದರು. ಬರುತ್ತೀಯಾ? ಇನ್ನು ಹದಿನೈದು ದಿನವೂ ಉಳಿದಿಲ್ಲ. ನೀನು ಬಂದರೆ ನನ್ನ ಹಾಡು ಉಳಿಯುತ್ತದೆ.

ನಿನ್ನ
ಪಿಟೀಲು


ಜೂನ್ 24

ಪಿಟೀಲು,

ನಾನು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಖ ಊದಿಸಿಕೊಳ್ಳಬೇಡ. ಶಾಲೆ ಶುರುವಾಗಿದೆ, ಅರ್ಧ ಊರಿನ ಮಕ್ಕಳು ಹಳೆಯ ಅಂಗಿಯಲ್ಲೇ ಹೋಗುತ್ತಿದ್ದಾರೆ. ಅದೂ ಅಲ್ಲದೆ, ಗಾಜಿನ ಕೋಣೆಯಲ್ಲಿ ನಾಲ್ಕು ಜನ ಗಂಡಸರ ಮುಂದೆ ಕೂತು ಕಾಲರ್ ಹೊಲಿಯಲು ನಾನೇನು ಸರ್ಕಸ್ಸಿನವಳಾ?

ಆದರೆ ನೀನು ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರ ಇದೆ. ಪತ್ರ ಓದಿದ ಮೇಲೆ ಮೂರು ದಿನ ಪೆನ್ನು ಎತ್ತುವುದು, ಇಡುವುದು ಮಾಡಿದೆ. ಬರೆಯಲೋ ಬೇಡವೋ ಅನ್ನಿಸಿತು. ಇಂಥದ್ದನ್ನೆಲ್ಲ ನಾವು ಮನೆಯಲ್ಲಿ ಮಾತಾಡಿಕೊಂಡವರಲ್ಲ.

ನಿಮ್ಮಮ್ಮ ತೀರಿಕೊಂಡಾಗ ನಿನಗೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ. ನಿಮ್ಮಪ್ಪ ಲಾರಿ ಹತ್ತಿದರೆ ವಾರಗಟ್ಟಲೆ ಇಲ್ಲ. ನಿನ್ನನ್ನು ಎತ್ತಿಕೊಂಡು ಅಂಗಡಿಗೆ ಬಂದೆ. ಆಗ ಅಂಗಡಿ ನನ್ನದಲ್ಲ, ದೊಡ್ಡ ಟೈಲರದ್ದು. ಮಗು ಕಾಲಿಗೆ ಅಡ್ಡ ಬರಬಾರದು, ಅತ್ತು ಗಿರಾಕಿಗಳನ್ನು ಓಡಿಸಬಾರದು ಅಂತ ಕಟ್ಟುನಿಟ್ಟು ಮಾಡಿದ್ದರು. ಮೇಜಿನ ಕೆಳಗೆ ಚೂರುಬಟ್ಟೆ ಹಾಸಿ ಮಲಗಿಸಿದೆ. ಮಿಷನ್ ಸದ್ದಿಗೆ ನೀನು ಹೆದರುತ್ತಿದ್ದೆ. ನಾನು ಇಲ್ಲೇ ಇದ್ದೇನೆ ಅಂತ ಹೇಳೋಣವೆಂದರೆ ಬಾಯಲ್ಲಿ ಪಿನ್ನು. ಅದಕ್ಕೆ ಗುನುಗುತ್ತಿದ್ದೆ. ಆಯಿತಾ? ನೆಗಡಿ ಅಲ್ಲ.

ನೇರ ಹೊಲಿಗೆ ಹೊಲಿಯುವಾಗ ಕಣ್ಣು ಎತ್ತಿದರೆ ಬಟ್ಟೆ ಜಾರುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ. ಮೂಲೆಯಲ್ಲಿ ಮಾತ್ರ ಸೂಜಿ ಬಟ್ಟೆಯಲ್ಲಿ ಇಳಿದು ನಿಂತಿರುತ್ತದೆ, ಎಲ್ಲಿಗೂ ಜಾರುವುದಿಲ್ಲ. ಕಣ್ಣು ತೆಗೆಯಬಹುದು. ಹಾಗಾಗಿ ಮೂಲೆ ಬಂದಾಗಲೆಲ್ಲ ಬಗ್ಗಿ ಮೇಜಿನ ಕೆಳಗೆ ನಿನ್ನನ್ನು ನೋಡುತ್ತಿದ್ದೆ. ನಿದ್ದೆ ಮಾಡುತ್ತಿದ್ದರೆ ಸರಿ, ತಕ್ಷಣ ಬಟ್ಟೆ ತಿರುಗಿಸಿ ಮುಂದೆ ಹೋಗುತ್ತಿದ್ದೆ. ಎಚ್ಚರವಿದ್ದರೆ ನೀನೂ ನನ್ನನ್ನೇ ನೋಡುತ್ತಿದ್ದೆ. ಒಮ್ಮೊಮ್ಮೆ ಎರಡೇ ಹಲ್ಲಿನ ಬಾಯಿ ಅಗಲಿಸಿ ನಗುತ್ತಿದ್ದೆ. ಆಗ ಸ್ವಲ್ಪ ಹೊತ್ತಾಗುತ್ತಿತ್ತು.

ದೊಡ್ಡ ಟೈಲರು ಬೈಯುತ್ತಿದ್ದರು. "ಎಲ್ರಿಗೂ ಮೂಲೆ ಅಂದ್ರೆ ಕಣ್ಣು ಮಿಟುಕಿಸೋದು, ನಿಂಗೆ ಮಾತ್ರ ನಿದ್ದೆ ಮಾಡೋದು" ಅಂತ. ಬೈದರೆ ಬೈಯಲಿ ಅಂತ ತಲೆ ತಗ್ಗಿಸಿ ಹೊಲಿಯುತ್ತಿದ್ದೆ. ಮುಂದಿನ ಮೂಲೆಯಲ್ಲಿ ಮತ್ತೆ ಅದೇ.

ಇಷ್ಟೇ ವಿಷಯ. ಹೋದ ಪತ್ರದಲ್ಲಿ ಕತ್ತರಿಸಿ ಎಸೆ ಅಂತ ಬರೆದಿದ್ದೆ. ಅದೇನು ಅಂತ ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಈಗ ನಿನಗೆ ತೋಚಿದಂತೆ ಮಾಡು.

ನಿನ್ನ ಅತ್ತೆ


ಜುಲೈ 9

ಅತ್ತೆ,

ನಿನ್ನ ಪತ್ರವನ್ನು ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಅವತ್ತು ಹಾಡಲು ಆಗಲಿಲ್ಲ.

ಮಾರನೆಯ ದಿನ ಯಜಮಾನರು ಬಂದಾಗ ಧೈರ್ಯ ಮಾಡಿದೆ. ನೆಟ್ಟಗೆ ಮಾಡಿದ ಹಾಡುಗಳು ಬೇಡ, ಅವು ನನ್ನವಲ್ಲ, ಇನ್ನೊಂದು ಸಲ ನನ್ನ ರೀತಿಯಲ್ಲಿ ಹಾಡಲು ಬಿಡಿ, ಹಿಡಿಸದಿದ್ದರೆ ನಾನೇ ಬಸ್ಸು ಹತ್ತುತ್ತೇನೆ ಅಂದೆ. ಕೈಗೆ ಬಂದ ಕ್ಯಾಸೆಟ್ಟನ್ನು ಬೇಡ ಅನ್ನುವವಳಿಗೆ ತಲೆ ನೆಟ್ಟಗಿದೆಯಾ ಎಂದು ಅವರು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಆಗ ಹೆಡ್‌ಫೋನಣ್ಣ ಎದ್ದರು. ಕೊರಳಿನ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. ಅದಿಲ್ಲದೆ ಅವರನ್ನು ನಾನು ನೋಡಿಯೇ ಇರಲಿಲ್ಲ, ಕುತ್ತಿಗೆ ಬೋಳು ಬೋಳಾಗಿ ಕಾಣುತ್ತಿತ್ತು.

"ಟಿಕ್ ಟಿಕ್ ತೆಗೆದು ಒಂದ್ಸಲ ನೋಡೋಣ ಸಾರ್" ಅಂದರು.

ಸರಿ, ಒಂದೇ ಸಲ ಎಂದು ಯಜಮಾನರು ಒಪ್ಪಿದರು. ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ಮೂಲೆಗೆ ಮುಖ ಮಾಡಿ ಕೂರುತ್ತಿದ್ದೆವು. ಕುರ್ಚಿಗಳನ್ನೆಲ್ಲ ಎಳೆದು ಎದುರುಬದುರು ಹಾಕಿದೆವು. ನಾನು ಹೇಳಿದ್ದು ಇಷ್ಟೇ: ಮೂರನೇ ಸಾಲಿನ ಕೊನೆಗೆ ಯಾರೂ ಎಣಿಸಬೇಡಿ, ತಲೆಯೆತ್ತಿ ನನ್ನನ್ನು ನೋಡಿ. ನಾನು ನಿಮ್ಮೆಲ್ಲರ ಮುಖ ನೋಡಿದ ಮೇಲೆ ಹಾಡುತ್ತೇನೆ, ಆಗ ನೀವೂ ಬನ್ನಿ.

ಮೊದಲ ಸಲ ಡ್ರಮ್ಮಿನವರು ತಲೆಯೇ ಎತ್ತಲಿಲ್ಲ. ಇಷ್ಟು ವರ್ಷ ತಮ್ಮ ಕೈ ನೋಡಿಕೊಂಡೇ ಬಾರಿಸಿದ್ದಾರಂತೆ, ಇನ್ನೊಬ್ಬರ ಮುಖ ನೋಡುತ್ತ ಬಾರಿಸುವುದಕ್ಕೆ ನಾಚಿಕೆಯಂತೆ. ಮೀಸೆ ಇಷ್ಟು ದಪ್ಪ, ಮುಖ ಕೆಂಪಾಗಿತ್ತು. ಎರಡನೇ ಸಲ ನೋಡಿದರು. ನಾನು ನಿಂತೆ, ಎಲ್ಲರೂ ನಿಂತರು. ಕೊಳಲಿನವರು ನೋಡಿದರು, ಗಾಜಿನಾಚೆಯಿಂದ ಹೆಡ್‌ಫೋನಣ್ಣನೂ ಬಗ್ಗಿ ನೋಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿ ನಾಲ್ಕನೇ ಸಾಲು ಎತ್ತಿಕೊಂಡೆ. ಡ್ರಮ್ಮು, ಕೊಳಲು, ನಾನು, ಮೂವರೂ ಒಟ್ಟಿಗೆ ಇಳಿದೆವು, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮುಂದಿನ ಪದ್ಯದಲ್ಲಿ ಕೊಳಲಿನವರಿಗೆ ನಗು ಬಂತು, ಅದಕ್ಕೆ ಸ್ವಲ್ಪ ಉದ್ದವಾಯಿತು. ಪರವಾಗಿಲ್ಲ ಅನ್ನಿಸಿತು.

ಹಾಡು ಮುಗಿದ ಮೇಲೆ ಯಜಮಾನರು ಇನ್ನೊಂದು ಸಲ ಅಂದರು. ತಪ್ಪಾಯಿತೇನೋ ಅಂದುಕೊಂಡೆ. ಏನಿಲ್ಲ, ಸುಮ್ಮನೆ ಕೇಳಬೇಕು ಅನ್ನಿಸುತ್ತಿದೆ ಅಂದರು. ಹಳೆಯ ನಾಲ್ಕನ್ನೂ ತಿರುಗಿ ಹಾಡಿದೆವು. ಕೊನೆಯ ದಿನ ಮುಂದಿನವರು ಬಾಗಿಲಲ್ಲಿ ಕಾಯುತ್ತಿದ್ದಾಗಲೂ ನಾವು ಹಾಡುತ್ತಿದ್ದೆವು. ಎಂಟೂ ಆಯಿತು ಅತ್ತೆ. ಕ್ಯಾಸೆಟ್ಟು ಬರುತ್ತದೆ.

ನೀನು ಬೈಯುವುದಕ್ಕೆ ಇನ್ನೊಂದು ಕೆಲಸ ಮಾಡಿದ್ದೇನೆ. ಕ್ಯಾಸೆಟ್ಟು ಬಂದಾಗ ನೋಡುವೆಯಂತೆ. ನನ್ನನ್ನು ಯಾರಾದರೂ ಹೊಗಳಿದರೆ ಈಗ ತಡೆಯಲಾಗದೆ ನಿನ್ನ ಕಥೆ ಶುರು ಮಾಡುತ್ತೇನೆ. ನಿನ್ನಂಥವಳು ಈ ಲೋಕದಲ್ಲಿ ಇನ್ನೊಬ್ಬಳಿಲ್ಲ. ಎದುರಿಗಿದ್ದಿದ್ದರೆ ನೀನು ಇದನ್ನು ಹೇಳಲು ಬಿಡುತ್ತಿರಲಿಲ್ಲ, ಕತ್ತರಿ ಕೊಡು ಅಂತ ಮಾತು ತಿರುಗಿಸುತ್ತಿದ್ದೆ. ಪತ್ರವಾದ್ದರಿಂದ ಪೂರ್ತಿ ಹೇಳಿದ್ದೇನೆ.

ನಿನ್ನ
ಪಿಟೀಲು


ಅಕ್ಟೋಬರ್ 11

ಪಿಟೀಲು,

ಕ್ಯಾಸೆಟ್ಟು ಬಂತು. ಮೇಲೆ ನಿನ್ನ ಫೋಟೋ ಚೆನ್ನಾಗಿದೆ, ಕಾಲರ್ ಮಾತ್ರ ಒಂದು ಕಡೆ ಎದ್ದುಕೊಂಡಿದೆ. ಫೋಟೋ ತೆಗೆಯುವ ಮುಂಚೆ ಯಾರೂ ಹೇಳಲಿಲ್ಲವಾ?

ಹಿಂದೆ ತಿರುಗಿಸಿದರೆ "ರಾಗ: ನಮ್ಮತ್ತೆ" ಅಂತ ಅಚ್ಚು ಹಾಕಿಸಿದ್ದೀಯ. ಬುದ್ಧಿ ಇದೆಯಾ ನಿನಗೆ? ಪಕ್ಕದ ಇಸ್ತ್ರಿ ಅಂಗಡಿಯವರು ಅದನ್ನು ಓದಿ, ಬಂದ ಗಿರಾಕಿಗಳಿಗೆಲ್ಲ ಹೇಳಿ, ಈಗ ಬ್ಲೌಸ್ ಅಳತೆ ಕೊಡಲು ಬಂದವರೂ ಒಂದು ಹಾಡು ಹೇಳಿ ಅನ್ನುತ್ತಾರೆ. ತುಟಿ ಮಾತ್ರ ಆಡಿಸು ಅಂದಿದ್ದ ನಮ್ಮ ಟೀಚರು ಈಗಿದ್ದಿದ್ದರೆ ಅವರ ಮನೆಗೆ ಒಂದು ಕ್ಯಾಸೆಟ್ಟು ಕೊಟ್ಟು ಬರುತ್ತಿದ್ದೆ. ನಿಮ್ಮಪ್ಪ ಲಾರಿಯಲ್ಲಿ ಹಗಲೂ ರಾತ್ರಿ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದಾನಂತೆ, ಜೊತೆಯವರು ಬೇಡ ಅಂದರೂ ಕೇಳುತ್ತಿಲ್ಲವಂತೆ.

ನಿನ್ನ ಹಾಡು ಹೇಗಿದೆ ಅಂತ ಕೇಳಿದ್ದೆಯಲ್ಲ. ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಮೊದಲಿನಿಂದಲೂ ಚೆನ್ನಾಗಿತ್ತು. ಹೇಳಿದರೆ ನೀನು ಈ ಅಂಗಡಿಯಲ್ಲೇ ಹಾಡಿಕೊಂಡು ಉಳಿದುಬಿಡುತ್ತೀಯೇನೋ ಅಂತ ಹೇಳಲಿಲ್ಲ. ನೀನು ಹೊರಟ ದಿನ ಎದ್ದು ಬರದಿದ್ದದ್ದೂ ಅದಕ್ಕೇ. ಬಾಗಿಲವರೆಗೆ ಬಂದಿದ್ದರೆ ಕೈ ಹಿಡಿದು ಎಳೆದುಕೊಂಡು ಬಿಡುತ್ತಿದ್ದೆ.

ಇಸ್ತ್ರಿಯವರು ತಮ್ಮ ಟೇಪ್ ರೆಕಾರ್ಡರ್ ತಂದು ನನ್ನ ಮೇಜಿನ ಮೇಲಿಟ್ಟರು. ಕೆಲಸ ಬಿಟ್ಟು ಕೂತು ಕೇಳಲು ನನಗೆಲ್ಲಿ ಪುರುಸೊತ್ತು, ಪರದೆಯೊಂದಕ್ಕೆ ಅಂಚು ಹೊಲಿಯುತ್ತಲೇ ಕೇಳಿದೆ. ಪರದೆ ಅಂದರೆ ಉದ್ದಕ್ಕೂ ನೇರ ಹೊಲಿಗೆ, ಮೂಲೆ ಬರಬೇಕಾದರೆ ಬಹಳ ಹೊತ್ತು ಬೇಕು. ಗಾಳಿಯ ಹಾಡು ಬಂತು. ಮೂರನೇ ಸಾಲಿನ ಕೊನೆಗೆ ನೀನು ನಿಂತೆ. ನನ್ನ ಕಾಲೂ ನಿಂತಿತು. ಪರದೆಯ ನಟ್ಟನಡುವೆ ಸೂಜಿ ಇಳಿಸಿ ನಿಲ್ಲಿಸಿ, ಬಗ್ಗಿ ಮೇಜಿನ ಕೆಳಗೆ ನೋಡಿದೆ. ಬರೀ ಚೂರುಬಟ್ಟೆ.

"ಏನು ಬಿತ್ತಕ್ಕ?" ಅಂತ ಕಾಜಾ ಹಾಕುವ ಹುಡುಗಿ ಕೇಳಿದಳು. ನಾನು ಉತ್ತರ ಹೇಳುವಷ್ಟರಲ್ಲಿ ನೀನು ಮತ್ತೆ ಹಾಡತೊಡಗಿದೆ.

ನಿನ್ನ ಅತ್ತೆ